ದಾರಿಬದಿಯಲ್ಲಿ ಆಟದ ವಸ್ತು ಕಂಡಾಗ ನಮ್ಮೂರಿನವರು ಏನು ಮಾಡುತ್ತಾರೆ?

ಕೊಡಿಯಾಲಬೈಲಿನ ಉಪನ್ಯಾಸಕಿ

ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಸ್ಥಳಗಳ ಬಗ್ಗೆ ಪಾಠ ಮಾಡುವವಳು ನಾನು. ಯಾರೂ ನಿರೀಕ್ಷಿಸದ ಜಾಗದಲ್ಲಿ ಒಂದು ಆಟದ ವಸ್ತುವನ್ನು ಇಟ್ಟರೆ ದಾರಿಹೋಕರು ಹೇಗೆ ವರ್ತಿಸುತ್ತಾರೆ ಎಂಬ ಪ್ರಶ್ನೆ ತರಗತಿಯಲ್ಲಿ ಬಂದಾಗಲೆಲ್ಲ ನಾವು ಕೊಡುವ ಉದಾಹರಣೆಗಳು ದೂರದ ಊರುಗಳವೇ ಆಗಿರುತ್ತವೆ. 2009ರಲ್ಲಿ ಸ್ಟಾಕ್‌ಹೋಮ್‌ನ ಓಡೆನ್‌ಪ್ಲಾನ್ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳನ್ನು ಪಿಯಾನೊದಂತೆ ಬದಲಿಸಿ, ಕಾಲಿಟ್ಟಲ್ಲೆಲ್ಲ ಸ್ವರ ಹೊರಡುವಂತೆ ಮಾಡಿದ್ದರು. ಪಕ್ಕದಲ್ಲೇ ಎಸ್ಕಲೇಟರ್ ಇದ್ದರೂ ಎಂದಿಗಿಂತ ಶೇ. 66ರಷ್ಟು ಹೆಚ್ಚು ಜನ ಮೆಟ್ಟಿಲು ಹತ್ತಿದರೆಂದು ಅದನ್ನು ಮಾಡಿಸಿದ ಫೋಕ್ಸ್‌ವ್ಯಾಗನ್ ಕಂಪೆನಿ ಹೇಳಿಕೊಂಡಿತು. ಜಾಹೀರಾತಿಗಾಗಿ ಕೊಟ್ಟ ಲೆಕ್ಕವನ್ನು ಎಷ್ಟು ನಂಬಬೇಕೆಂಬುದು ಬೇರೆ ಮಾತು; ನನಗೆ ತಿಳಿಯಬೇಕಾದದ್ದು ಮಂಗಳೂರಿನ ಸಂಗತಿ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು, ಕೇಳಬೇಕಾದವರನ್ನು ಕೇಳಿಕೊಂಡು, ನಗರದ ಒಂದು ಬಸ್ ತಂಗುದಾಣದ ಆಸುಪಾಸಿನಲ್ಲಿ ನಾಲ್ಕು ಬಗೆಯ ಆಟಗಳಿಗೆ ಏರ್ಪಾಡು ಮಾಡಿದರು. ಇಳಿಜಾರಿನ ಮೇಲ್ತುದಿಯಲ್ಲಿ, ಕೂತು ಜಾರುವುದಕ್ಕೆಂದು ಒಂದು ದೊಡ್ಡ ಅಡಿಕೆ ಹಾಳೆ. ಕವಲುದಾರಿಯ ಕಟ್ಟೆಯ ಮೇಲೆ, ದಾರ ಎಳೆದರೆ ಕೈಕಾಲು ಆಡಿಸುವ ಕೆಂಪು ಬಣ್ಣದ ಮರದ ಗೊಂಬೆ. ಫುಟ್‌ಪಾತಿನ ಇಂಟರ್‌ಲಾಕ್ ಮೇಲೆ ಕುಂಟೆಬಿಲ್ಲೆಯ ಮನೆಗಳು. ತಂಗುದಾಣದ ಕಲ್ಲುಬೆಂಚಿನ ಮೇಲೆ ಒಂದು ಚೆನ್ನೆಮಣೆ, ಅಂದರೆ ಘಟ್ಟದ ಮೇಲಿನವರ ಅಳಗುಳಿಮಣೆ, ಗುಳಿಗಳಿಗೆ ಹಂಚಿ ಆಡುವ ಕಾಯಿಗಳ ಸಮೇತ.

ಹಾಳೆಯನ್ನು ಆಟದ ವಸ್ತುವೆಂದು ಯಾರೂ ಎಣಿಸಲಿಲ್ಲ. ಬೆಳಗ್ಗೆ ಬಂದ ಕಸದ ಗಾಡಿಯವರು ಅದನ್ನು ಹಸಿಕಸದ ಜೊತೆ ಹಾಕಿಕೊಂಡು ಹೋದರು. ಗೊಂಬೆಯ ಗತಿ ಇನ್ನೂ ವಿಚಿತ್ರವಾಯಿತು. ಕವಲುದಾರಿ, ಕೆಂಪು ಬಣ್ಣ, ದಾರ ಇವಿಷ್ಟೂ ಒಟ್ಟಿಗೆ ಕಂಡದ್ದೇ ತಡ, ಯಾರೋ ಮಾಟ ತೆಗೆದು ಇಟ್ಟದ್ದೆಂದು ತಿಳಿದು ಜನ ರಸ್ತೆಯ ಆಚೆ ಬದಿಗೆ ಸರಿದು ನಡೆದರು. ಸ್ಕೂಟರಿನಲ್ಲಿ ಬಂದ ಒಬ್ಬರು ಮುಂದೆ ನಿಂತಿದ್ದ ಮಗುವಿನ ಮುಖವನ್ನು ಕೈಯಿಂದಲೇ ಅತ್ತ ತಿರುಗಿಸಿಕೊಂಡು ಹೋದರು. ಕುಂಟೆಬಿಲ್ಲೆಯ ಮೇಲೆ ನಡೆದವರಲ್ಲಿ ಹೆಚ್ಚಿನವರು ಆಡಲಿಲ್ಲ, ಆದರೆ ಗೆರೆಯನ್ನೂ ತುಳಿಯಲಿಲ್ಲ. ಟಿಫಿನ್ ಚೀಲ ಹಿಡಿದು ಆಫೀಸಿಗೆ ಹೊರಟಿದ್ದ ಮಹಿಳೆಯೊಬ್ಬರು ಹಿಂದೆ ಮುಂದೆ ನೋಡಿ, ಸೆರಗು ಸಿಕ್ಕಿಸಿ, ಎರಡು ಮನೆ ಕುಂಟಿದರು. ಮೂರನೆಯದಕ್ಕೆ ಕಾಲೆತ್ತುವಾಗ ಅವರ ಬಸ್ಸು ಬಂದುಬಿಟ್ಟಿತು.

ಜನ ನಿಜವಾಗಿ ಸೇರಿದ್ದು ಚೆನ್ನೆಮಣೆಯ ಸುತ್ತ ಮಾತ್ರ. ಅದು ಎಲ್ಲರಿಗೂ ಗೊತ್ತಿರುವ ಆಟ ಎಂಬ ಉತ್ತರ ನನಗೆ ಸಾಲದು, ಏಕೆಂದರೆ ಹಾಳೆಯಲ್ಲಿ ಎಳೆಸಿಕೊಂಡು ಬೆಳೆಯದವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರು? ನಿಮಗೆ ಏನು ತೋರುತ್ತದೆ ಎಂಬುದನ್ನು ಬರೆಯಬೇಕಾಗಿ ಕೋರಿಕೆ.

ಎದುರಿನ ಗೂಡಂಗಡಿಯವನು

ಮೇಡಂ, ಆ ಮಣೆಯ ಎದುರಿಗಿರುವ ಅಂಗಡಿ ನನ್ನದು. ಬಂದವರಲ್ಲಿ ಒಬ್ಬರೂ ಮೊದಲು ಮಣೆಯನ್ನು ಮುಟ್ಟಲಿಲ್ಲ, ನನ್ನ ಕಡೆ ತಿರುಗಿ "ಇದು ಯಾರದ್ದು?" ಎಂದು ಕೇಳಿದರು. ಆಡುವುದು ಹೇಗೆಂದು ಕೇಳಿದವರು ಆಮೇಲೆ ಬಂದ ಚಿಕ್ಕ ಹುಡುಗರು. "ಕಾಲೇಜಿನ ಮಕ್ಕಳು ಇಟ್ಟದ್ದು, ಆಡಬಹುದಂತೆ" ಎಂದು ನಾನು ಹೇಳಿದ ಮೇಲೆಯೇ ದೊಡ್ಡವರು ಕೂತದ್ದು. ಮಧ್ಯಾಹ್ನ ನಾನು ಊಟಕ್ಕೆ ಹೋದ ಹೊತ್ತಿನಲ್ಲಿ ಮಣೆಯ ಮೇಲೆ ಮೀನಿನ ಚೀಲ ಇಟ್ಟು ಬಸ್ಸು ಕಾಯುತ್ತಿದ್ದರೆಂದು ಪಕ್ಕದ ರಿಕ್ಷಾ ಪಾರ್ಕಿನವರು ಹೇಳಿದ್ದಾರೆ. ಮಣೆ ಅದೇ, ಜಾಗ ಅದೇ, ಜನವೂ ಹೆಚ್ಚುಕಡಿಮೆ ಅದೇ. ಹೇಳುವವನೊಬ್ಬ ಇರಲಿಲ್ಲ, ಅಷ್ಟೇ.

ವಯಸ್ಸಾದ ಅಮ್ಮನೊಬ್ಬರ ವಿಷಯ ಹೇಳಬೇಕು. ಅವರು ಕೂತವರೇ ಆಟಕ್ಕೆ ತೊಡಗಲಿಲ್ಲ. ಕೆಂಪು ಬೀಜದ ಒಂದು ಮಂಜೊಟ್ಟಿ ಕಾಯಿಯನ್ನು ಎತ್ತಿ ಬೆಳಕಿಗೆ ಹಿಡಿದು, ಅದು ನಿಜವಾದದ್ದೇ ಎಂದು ಖಾತ್ರಿ ಮಾಡಿಕೊಂಡರು. ಬಳಿಕ ಹದಿನಾಲ್ಕು ಗುಳಿಗಳನ್ನೂ ಬೆರಳಿನಿಂದ ತಡವಿ, ಎಲ್ಲೋ ಐದು ಎಲ್ಲೋ ಮೂರು ಇದ್ದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಸರಿಪಡಿಸಿದರು. ಹೆಚ್ಚುಕಡಿಮೆ ಮಾಡಿ ಇಟ್ಟವರನ್ನು ಬೈದರು. ಆಮೇಲೆ ನನಗೂ ಬೈಗುಳ ಸಿಕ್ಕಿತು: ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳು ಕಳೆದ ಮೇಲೆ ಚೆನ್ನೆ ಆಡಬಾರದೆಂದು ಗೊತ್ತಿಲ್ಲವೇ, ಇದನ್ನು ಹೊರಗಿಟ್ಟವರು ಯಾರು ಎಂದು. ಹೀಗೆ ಬೈಯುತ್ತಲೇ ಎರಡು ಆಟ ಆಡಿ, ಎರಡನ್ನೂ ಗೆದ್ದು, ಬಂದ ಮೂರು ಬಸ್ಸುಗಳನ್ನು ಬಿಟ್ಟುಕೊಟ್ಟರು. ನಾಲ್ಕನೆಯದರ ಕಂಡಕ್ಟರು ಬಾಗಿಲಲ್ಲಿ ನಿಂತು "ಅಮ್ಮ, ಆಟ ಮುಗಿಯಿತಾ, ಹೋಗುವನಾ?" ಎಂದು ಕೇಳಿದ ಮೇಲೆ ಎದ್ದರು.

ನಿವೃತ್ತ ಪೊಲೀಸ್ ಸಿಬ್ಬಂದಿ, ಕಾವೂರು

ಚರ್ಚೆ ಸ್ವಾರಸ್ಯವಾಗಿದೆ, ಆದರೆ ಒಂದು ಗಂಭೀರ ವಿಷಯವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 2020ರ ಜನವರಿ 20ರಂದು ನಮ್ಮ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಒಂದು ಚೀಲದಲ್ಲಿ ಸ್ಫೋಟಕ ಸಿಕ್ಕಿತು. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ನಿಷ್ಕ್ರಿಯಗೊಳಿಸಿದ್ದು ಎಲ್ಲರಿಗೂ ನೆನಪಿರಬಹುದು. 2022ರ ನವೆಂಬರ್ 19ರಂದು ನಾಗುರಿಯ ಬಳಿ ರಿಕ್ಷಾದಲ್ಲಿ ಸ್ಫೋಟಿಸಿದ್ದು ಅಡುಗೆಮನೆಯ ಕುಕ್ಕರ್. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, 112ಕ್ಕೆ ಕರೆಮಾಡಿ ಎಂದು ವರ್ಷಗಟ್ಟಲೆ ಜನರಿಗೆ ಹೇಳಿಕೊಟ್ಟವರು ನಾವೇ. ಅಂಗಡಿಯವರ ಬಳಿ ಜನ "ಇದು ಯಾರದ್ದು?" ಎಂದು ಕೇಳಿದ್ದರಲ್ಲಿ ಈ ತಿಳಿವಳಿಕೆಯೂ ಸೇರಿದೆ. ಅದನ್ನು ಸಂಕೋಚವೆಂದೋ ರಸಿಕತೆಯಿಲ್ಲದ್ದೆಂದೋ ಹಳಿಯುವುದು ನ್ಯಾಯವಲ್ಲ.

ಹೊರದೇಶದಲ್ಲೂ ಹೀಗಾಗಿದೆ. 2007ರ ಜನವರಿ 31ರಂದು ಬಾಸ್ಟನ್ ನಗರದಲ್ಲಿ, ಒಂದು ಕಾರ್ಟೂನಿನ ಪ್ರಚಾರಕ್ಕಾಗಿ ಸೇತುವೆ ಮತ್ತು ಕಂಬಗಳಿಗೆ ಅಂಟಿಸಿದ್ದ ಮಿನುಗುವ ಎಲ್‌ಇಡಿ ಹಲಗೆಗಳನ್ನು ಬಾಂಬೆಂದು ಶಂಕಿಸಿ ರಸ್ತೆಗಳನ್ನೇ ಮುಚ್ಚಿದರು. ಇಬ್ಬರ ಬಂಧನವಾಯಿತು, ಕಂಪೆನಿಯವರು 20 ಲಕ್ಷ ಡಾಲರ್ ತೆರಬೇಕಾಯಿತು. ಅದಕ್ಕೂ ಮುಂಚೆ ಕೆಲವು ದಿನ ಅವೇ ಹಲಗೆಗಳು ಅಲ್ಲಿಯೇ ಇದ್ದವು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಸಂಶಯವೂ ಗುಂಪಿನಿಂದ ಗುಂಪಿಗೆ ಹಬ್ಬುತ್ತದೆ ಎಂಬುದನ್ನು ಕರ್ತವ್ಯದಲ್ಲಿದ್ದಾಗ ನಾನೂ ಕಂಡಿದ್ದೇನೆ.

ಉಡುಪಿಯ ಮಾಸ್ಟ್ರು

ನಮ್ಮವರಿಗೆ ಬೀದಿಯ ಆಟ ಹೊಸತಲ್ಲ ಎಂಬುದನ್ನು ಮೊದಲು ನೆನಪಿಸುತ್ತೇನೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ಗುರ್ಜಿ ಎಂಬ ಮರದ ಚೌಕಟ್ಟುಗಳಿಗೆ ಕಟ್ಟಿದ ಕುಡಿಕೆಗಳನ್ನು ಗೊಲ್ಲ ವೇಷದವರು ಕೋಲಿನಿಂದ ಒಡೆಯುವಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಬ್ಯಾಂಕಿನ ಅಧಿಕಾರಿಯೂ ಆ ಸಿಡಿತಕ್ಕೆ ಮೈಯೊಡ್ಡಿ ನಗುತ್ತಾನೆ. ಹುಲಿವೇಷದವನು ಎದುರು ಬಂದು ಹಿಮ್ಮುಖ ಬಾಗಿದರೆ ನೋಟನ್ನು ನೆಲದ ಮೇಲೆ ಇಡಬೇಕು, ಅವನು ಅದನ್ನು ಬಾಯಿಂದ ಎತ್ತುತ್ತಾನೆ ಎಂಬುದನ್ನು ಯಾರಿಗೂ ಕಲಿಸಬೇಕಿಲ್ಲ. ದೇವಸ್ಥಾನದ ಮೆರವಣಿಗೆಯಲ್ಲಿ ತಟ್ಟಿರಾಯ ಎಂಬ ಆಳೆತ್ತರ ಮೀರಿದ ಗೊಂಬೆ ತೂಗಾಡುತ್ತ ಬರುವಾಗ ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗಿ, ಅಲ್ಲಿಂದಲೇ ಇಣುಕುತ್ತವೆ. ಹೆದರಿಕೆ ಮತ್ತು ಖುಷಿ ಎರಡೂ ಅಲ್ಲಿ ಒಟ್ಟಿಗೆ ಇರುತ್ತವೆ.

ಆದರೆ ಇವೆಲ್ಲಕ್ಕೂ ತಿಥಿಯಿದೆ, ಜಾಗವಿದೆ, ಮಾಡಿಸುವವರಿದ್ದಾರೆ. ಅಷ್ಟಮಿ ಮುಗಿದ ಮರುವಾರ ಅದೇ ಹುಲಿವೇಷದವನು ಕಲ್ಸಂಕದ ಬಳಿ ಒಬ್ಬನೇ ನಿಂತರೆ ಅದೇ ಜನ ಅವನನ್ನು ಸಂಶಯದಿಂದ ನೋಡುತ್ತಾರೆ. ಆ ಅಮ್ಮ ಬೈದದ್ದರ ಹಿಂದೆಯೂ ಇರುವುದು ಇದೇ. ಅವರಿಗೆ ಆಟದ ಬಗ್ಗೆ ತಕರಾರಿರಲಿಲ್ಲ, ಆಡಿಯೇ ತೋರಿಸಿದರಲ್ಲ. ತಕರಾರು ಇದ್ದದ್ದು ಕಾಲದ ಬಗ್ಗೆ. ನಿಮ್ಮ ವಿದ್ಯಾರ್ಥಿಗಳು ಅದನ್ನು ಆಟಿಯಲ್ಲೇ ಇಟ್ಟಿದ್ದರೆ ಅಂಗಡಿಯವರ ಸಾಕ್ಷಿ ಬೇಕಾಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಮಣಿಪಾಲದ ಸಂಶೋಧನಾ ವಿದ್ಯಾರ್ಥಿನಿ

ಮಾಸ್ಟ್ರೇ, ಆಟಿಯಲ್ಲಿ ಇಟ್ಟಿದ್ದರೂ ಮೊದಲನೆಯವರು ಒಬ್ಬರು ಬೇಕಾಗುತ್ತಿತ್ತು ಎಂದು ನಾನು ವಿನಯದಿಂದ ಹೇಳಬಯಸುತ್ತೇನೆ. ನಾನು ಓದುತ್ತಿರುವುದು ಮನಃಶಾಸ್ತ್ರ. ಸ್ಟ್ಯಾನ್ಲಿ ಮಿಲ್‌ಗ್ರಾಂ ಮತ್ತು ಸಂಗಡಿಗರು ನ್ಯೂಯಾರ್ಕಿನ ಒಂದು ಫುಟ್‌ಪಾತಿನಲ್ಲಿ ನಡೆಸಿ 1969ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೇರವಾಗಿ ಸಂಬಂಧಿಸುತ್ತದೆ. ಒಬ್ಬನೇ ಒಬ್ಬ ನಿಂತು ಎದುರಿನ ಕಟ್ಟಡದ ಆರನೆಯ ಮಹಡಿಯ ಕಿಟಕಿಯನ್ನು ನೋಡಿದಾಗ ದಾರಿಹೋಕರಲ್ಲಿ ಶೇ. 42ರಷ್ಟು ಜನ ತಾವೂ ಮೇಲೆ ನೋಡಿದರು, ಆದರೆ ನಿಂತವರು ಶೇ. 4 ಮಾತ್ರ. ನೋಡುವವರ ಗುಂಪನ್ನು 15ಕ್ಕೆ ಏರಿಸಿದಾಗ ಶೇ. 86ರಷ್ಟು ಜನ ನೋಡಿದರು, ಶೇ. 40ರಷ್ಟು ಜನ ನಿಂತೇಬಿಟ್ಟರು. ಕಿಟಕಿಯಲ್ಲಿ ವಿಶೇಷವೇನೂ ಇರಲಿಲ್ಲ. ಕುತೂಹಲದಿಂದ ಕತ್ತೆತ್ತುವುದಕ್ಕೆ ಒಬ್ಬನಿದ್ದರೆ ಸಾಕು; ಕಾಲು ನಿಲ್ಲಬೇಕಾದರೆ ಈಗಾಗಲೇ ನಿಂತವರು ಬೇಕು.

ಇನ್ನೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇರಾ ಹೈಮನ್ ಮತ್ತು ಸಂಗಡಿಗರು ಆವರಣದ ನಡುವೆ ಒಂಟಿಚಕ್ರದ ಸೈಕಲ್ ತುಳಿಯುವ ವಿದೂಷಕನೊಬ್ಬನನ್ನು ಸುತ್ತಾಡಿಸಿ, ದಾಟಿಹೋದವರನ್ನು "ವಿದೂಷಕನನ್ನು ಕಂಡಿರಾ?" ಎಂದು ವಿಚಾರಿಸಿದರು. ಮೊಬೈಲಿನಲ್ಲಿ ಮಾತನಾಡುತ್ತ ನಡೆದವರಲ್ಲಿ ಶೇ. 25 ಮಂದಿ ಮಾತ್ರ ಹೌದೆಂದರು. ಒಬ್ಬರೇ ಸುಮ್ಮನೆ ನಡೆದವರಲ್ಲಿ ಶೇ. 51, ಜೋಡಿಯಾಗಿ ನಡೆದವರಲ್ಲಿ ಶೇ. 71. ಜೊತೆಗಿದ್ದವರು ಪರಸ್ಪರ ಮಾತನಾಡುತ್ತಿದ್ದರೂ ಹೆಚ್ಚು ಕಂಡರು, ಏಕೆಂದರೆ ಒಬ್ಬರ ಕಣ್ಣಿಗೆ ಬಿದ್ದದ್ದನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ. ಮೇಡಂ, ನಿಮ್ಮ ಚೆನ್ನೆಮಣೆ ಇದ್ದದ್ದು ಜನ ಕಾಯುವ ಜಾಗದಲ್ಲಿ; ಹಾಳೆ ಮತ್ತು ಗೊಂಬೆ ಇದ್ದದ್ದು ಜನ ದಾಟುವ ಜಾಗದಲ್ಲಿ. ಕಾಯುವವನಿಗೆ ಹೊತ್ತೂ ಇದೆ, ಪಕ್ಕದಲ್ಲಿ ತೋರಿಸಲು ಒಬ್ಬನೂ ಇದ್ದಾನೆ. ಗೊತ್ತಿರುವ ಆಟವೋ ಅಲ್ಲವೋ ಎಂಬುದಕ್ಕಿಂತ ಈ ವ್ಯತ್ಯಾಸ ದೊಡ್ಡದು.

ಇಬ್ಬರು ಮಕ್ಕಳ ತಾಯಿ, ಉರ್ವ

ತಂಗಿ ಬರೆದದ್ದು ಸರಿಯೇ ಇರಬಹುದು, ಆದರೆ "ಜನ" ಎಂದು ಎಲ್ಲರನ್ನೂ ಒಂದೇ ಮಾಡಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. 2007ರಲ್ಲಿ ವಾಷಿಂಗ್ಟನ್ನಿನ ಮೆಟ್ರೊ ನಿಲ್ದಾಣವೊಂದರಲ್ಲಿ ಜೋಶುವಾ ಬೆಲ್ ಎಂಬ ಪ್ರಸಿದ್ಧ ವಯಲಿನ್ ವಾದಕರು ಗುರುತು ಹೇಳದೆ ನುಡಿಸಿದಾಗ 1,097 ಮಂದಿ ದಾಟಿಹೋದರು, ನಿಂತು ಕೇಳಿದವರು ಏಳೇ ಮಂದಿ. ಆದರೆ ಮಕ್ಕಳು ಮಾತ್ರ ಬಂದ ಪ್ರತಿ ಬಾರಿಯೂ ನಿಲ್ಲಲು ನೋಡಿದರು, ಹೆತ್ತವರು ಪ್ರತಿ ಬಾರಿಯೂ ಎಳೆದುಕೊಂಡು ಹೋದರು. ನಾನೂ ಎಳೆದುಕೊಂಡು ಹೋಗುವವಳೇ. ಶಾಲೆಯ ಬಸ್ಸು ತಪ್ಪಿದರೆ ರಿಕ್ಷಾಕ್ಕೆ ಕೊಡುವ ದುಡ್ಡು ನನ್ನದು.

ಎರಡನೆಯದು ಹೆಂಗಸರ ವಿಷಯ. ಕುಂಟೆಬಿಲ್ಲೆ ಕುಂಟಿದ ಆ ಮಹಿಳೆ ಮೊದಲು ಹಿಂದೆ ಮುಂದೆ ನೋಡಿದರೆಂದು ಮೇಡಂ ಬರೆದಿದ್ದಾರೆ, ಗಂಡಸರಾದರೆ ನೋಡುತ್ತಿದ್ದರೇ? ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಮಧ್ಯವಯಸ್ಸಿನ ಹೆಂಗಸು ಬೀದಿಯಲ್ಲಿ ಕುಂಟಿದ ಹತ್ತು ಸೆಕೆಂಡಿನ ವಿಡಿಯೊ ಸಂಜೆಯೊಳಗೆ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಸುತ್ತಿ, ಅವರ ಅತ್ತೆಯ ಫೋನಿಗೂ ತಲುಪಬಹುದು. ನಗುವವರೆಲ್ಲ ಕೆಟ್ಟವರಲ್ಲ, ಆದರೆ ಆಟಕ್ಕೆ ಇಳಿಯುವವರು ಲೆಕ್ಕ ಹಾಕುವುದು ಇದನ್ನೇ. ಮೂರನೆಯದಾಗಿ, ಬೆಂಚಿನ ಮೇಲೆ ಮಣೆ ಇಟ್ಟಾಗ ಕಾಲೇಜು ಹುಡುಗರು ನಾಲ್ಕು ಮಂದಿ ಕೂತರೆ, ಮಗುವನ್ನು ಎತ್ತಿಕೊಂಡವಳು ನಿಂತೇ ಬಸ್ಸು ಕಾಯಬೇಕಾಗುತ್ತದೆ. ಮಣೆಗೆ ಬೇರೆ ಕಲ್ಲು ಹಾಕಿಸಿ.

ಎದುರಿನ ಗೂಡಂಗಡಿಯವನು

ಅಕ್ಕ ಹೇಳಿದ್ದು ನಿಜ. ಹುಡುಗರು ಕೂತರೆ ಏಳುವುದಿಲ್ಲ, ಎಬ್ಬಿಸಲು ನಾನೇ ಹೋಗಬೇಕಾಯಿತು. ಫೋಟೊ ತೆಗೆದುಕೊಂಡು ಕಾಯಿ ಮುಟ್ಟದೆ ಹೋದವರೂ ಬಹಳ ಮಂದಿ ಇದ್ದರು.

ಬಿಳಿ ಕೋಲಿನವನು, ಕಂಕನಾಡಿ

ನನಗೆ ಕಣ್ಣು ಕಾಣುವುದಿಲ್ಲ; ಫೋನು ಓದಿ ಹೇಳಿದ್ದನ್ನು ಕೇಳಿ ಬರೆಯುತ್ತಿದ್ದೇನೆ. ನಿಮ್ಮೆಲ್ಲರಿಗೂ ಬೀದಿಯಲ್ಲಿ ಅನಿರೀಕ್ಷಿತವಾದದ್ದು ಸಂತೋಷದ ವಿಷಯವಾಗಿದ್ದರೆ, ನನಗೆ ಅದು ಮೊಣಕಾಲಿಗೆ ಬೀಳುವ ಪೆಟ್ಟು. ಫುಟ್‌ಪಾತಿನಲ್ಲಿ ನಿಲ್ಲಿಸಿದ ಬೈಕು, ಹೂವಿನ ಕುಂಡ, ಅಂಗಡಿಯ ಬೋರ್ಡು ಇವುಗಳ ಸಾಲಿಗೆ ಆಟದ ವಸ್ತುವೊಂದು ಸೇರುವುದು ಬೇಡ. ನೆಲಕ್ಕೆ ಬಣ್ಣ ಬಳಿದರೆ ನನ್ನ ಅಭ್ಯಂತರವಿಲ್ಲ, ಅದು ನನ್ನ ಕೋಲಿಗೆ ಸಿಗುವುದಿಲ್ಲ. ಇನ್ನು ಚೆನ್ನೆಮಣೆಯಂತೂ ಕಣ್ಣಿಲ್ಲದೆ ಆಡಬಹುದಾದ ಆಟ. ಗುಳಿಯಲ್ಲಿ ಎಷ್ಟು ಕಾಯಿ ಇದೆಯೆಂದು ಬೆರಳಿಗೆ ತಿಳಿಯುತ್ತದೆ, ಖಾಲಿ ಗುಳಿಯೂ ತಿಳಿಯುತ್ತದೆ. ಅದು ಅಲ್ಲಿದೆಯೆಂದು ನನಗೆ ಯಾರಾದರೂ ಹೇಳಬೇಕು, ಅಷ್ಟೇ. ಈ ಚರ್ಚೆ ಓದುವವರೆಗೆ ಆ ತಂಗುದಾಣದಲ್ಲಿ ಮಣೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ, ಬಸ್ಸು ಹತ್ತುವುದು ಅಲ್ಲಿಂದಲೇ ಆದರೂ.

ಹಂಪನಕಟ್ಟೆಯ ಸಂದೇಹಿ

ಚರಂಡಿಯ ಚಪ್ಪಡಿ ಎದ್ದುಹೋದಲ್ಲಿ ಕುಂಟೆಬಿಲ್ಲೆ ಬರೆಯುವುದಕ್ಕಿಂತ ಮೊದಲು ಚಪ್ಪಡಿ ಹಾಕಿಸಬೇಕು ಎಂಬುದು ನನ್ನ ನಿಲುವು. ಬೀದಿಯ ಆಟದ ವಸ್ತುಗಳಲ್ಲಿ ನಾನು ಮೆಚ್ಚಿದ್ದು ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಅವರು ರಸ್ತೆಯ ಹೊಂಡದೊಳಗೆ ಇಟ್ಟ ಮೊಸಳೆ. ಜನ ನಕ್ಕರು, ಫೋಟೊ ತೆಗೆದರು, ಹೊಂಡ ಮುಚ್ಚಿತು. ನಗುವಿಗೆ ಒಂದು ಕೆಲಸ ಇರಬೇಕು.

ಮಲ್ಪೆಯ ಮರಳುಶಿಲ್ಪಿ

ಅಣ್ಣ, ನಗುವಿಗೆಲ್ಲ ಕೆಲಸ ಹಚ್ಚಿದರೆ ಅದು ಆಟವಾಗಿ ಉಳಿಯುವುದಿಲ್ಲ ಎಂದು ನನ್ನ ಅನಿಸಿಕೆ. ಸಮುದ್ರದ ಬದಿಯಲ್ಲಿ ಕೆಲಸ ಮಾಡುವ ನನಗೆ ಬೇರೆಯೇ ಜನ ಸಿಗುತ್ತಾರೆ. ಪಣಂಬೂರಿನಲ್ಲಿ ಟೀಮ್ ಮಂಗಳೂರು ತಂಡದವರ ಕಥಕಳಿ ಗಾಳಿಪಟ ಮೇಲೇರಿದಾಗ ಯಾರೂ "ಇದು ಯಾರದ್ದು?" ಎಂದು ಕೇಳುವುದಿಲ್ಲ, ಏಕೆಂದರೆ ಹಗ್ಗ ಹಿಡಿದವರು ಕೆಳಗೆ ಕಾಣುತ್ತಿರುತ್ತಾರೆ. ನಾನು ಮರಳಿನಲ್ಲಿ ಆಮೆ ಮಾಡುತ್ತಿರುವಾಗ ಮಕ್ಕಳು ಪಕ್ಕದಲ್ಲಿ ಕೂತು ತಾವೂ ಮರಳು ಒತ್ತುತ್ತಾರೆ, ಅವರ ಅಪ್ಪಂದಿರು ನೀರು ತಂದುಕೊಡುತ್ತಾರೆ. ಮುಗಿಸಿ ಎದ್ದು ಹೋದ ಮೇಲೆ ಅದೇ ಆಮೆಯ ಸುತ್ತ ಜನ ನಾಲ್ಕಡಿ ದೂರ ನಿಂತು ನೋಡುತ್ತಾರೆ. ಒಬ್ಬ ಧೈರ್ಯವಂತ ಅದರ ಬೆನ್ನಿನ ಮೇಲೆ ಕೂತ ಮೇಲೆ ಅರ್ಧ ಗಂಟೆಯೊಳಗೆ ಆಮೆ ಇರುವುದಿಲ್ಲ. ಮಾಡುವವನು ಕಾಣುವಾಗ ಜನ ಜೊತೆಗೂಡುತ್ತಾರೆ, ಮಾಡಿಟ್ಟದ್ದು ಮಾತ್ರ ಕಾಣುವಾಗ ಒಂದೋ ಹೆದರುತ್ತಾರೆ, ಇಲ್ಲವೇ ಒಡೆಯುತ್ತಾರೆ.

ಕೊಡಿಯಾಲಬೈಲಿನ ಉಪನ್ಯಾಸಕಿ

ಎಲ್ಲರ ಮಾತನ್ನೂ ಓದಿದೆ. ಮರಳುಶಿಲ್ಪಿಗಳು ಬರೆದದ್ದು ಮತ್ತು ಅಂಗಡಿಯವರು ಮೊದಲೇ ಹೇಳಿದ್ದು ಒಂದೇ ಕಡೆಗೆ ಬೆರಳು ತೋರಿಸುತ್ತವೆ ಎಂದು ನನಗನ್ನಿಸುತ್ತದೆ. ನಮ್ಮ ಬೀದಿಗಳಲ್ಲಿ ವಸ್ತುವಿನ ಚೆಂದ ಎರಡನೆಯ ಮಾತು. ಅದರ ಪಕ್ಕದಲ್ಲಿ ಹೊಣೆ ಹೊತ್ತ ಒಂದು ಮುಖ ಇದೆಯೇ ಎಂಬುದು ಮೊದಲನೆಯದು. ಇಂಗ್ಲೆಂಡಿನ ಕಲಾವಿದ ಲೂಕ್ ಜೆರಮ್ 2008ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 15 ಪಿಯಾನೊಗಳನ್ನು ಬೀದಿಬದಿಯಲ್ಲಿ ಇರಿಸಿದಾಗ, "ನನ್ನನ್ನು ನುಡಿಸಿ, ನಾನು ನಿಮ್ಮವನು" ಎಂಬರ್ಥದ ಸಾಲನ್ನು ಅವುಗಳ ಮೇಲೆಯೇ ಬರೆಸಿದ್ದರು. ಬಟ್ಟೆ ಒಗೆಯುವ ಅಂಗಡಿಯಲ್ಲಿ ವಾರ ವಾರವೂ ಅದೇ ಜನ ಒಬ್ಬರನ್ನೊಬ್ಬರು ಮಾತನಾಡಿಸದೆ ಕೂತಿರುವುದನ್ನು ಕಂಡು ಅವರಿಗೆ ಆ ಯೋಚನೆ ಬಂದದ್ದಂತೆ. ಅಲ್ಲಿ ಬರೆದ ಅಪ್ಪಣೆ ಸಾಕಾಯಿತು. ಇಲ್ಲಿ ಬೋರ್ಡು ಹಾಕಿದರೆ ಅದನ್ನು ಯಾವ ಪಕ್ಷದವರು ಅಥವಾ ಯಾವ ಸಂಘದವರು ಹಾಕಿಸಿದ್ದು ಎಂದು ಕೆಳಗಿನ ಸಣ್ಣಕ್ಷರ ಓದುವುದರಲ್ಲೇ ಬಸ್ಸು ಬರುತ್ತದೆ. ಬಾಯಿಮಾತಿನ ಅಪ್ಪಣೆಗೇ ಬೆಲೆ ಹೆಚ್ಚು.

ಸಂದೇಹಿಗಳ ಚಪ್ಪಡಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಮೊಸಳೆಯಂಥ ವ್ಯಂಗ್ಯ ಬೇರೆ, ಚೆನ್ನೆಮಣೆ ಬೇರೆ. 2019ರ ಜುಲೈಯಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿಬೇಲಿಯ ಸಂದಿನಲ್ಲಿ ರೊನಾಲ್ಡ್ ರೇಲ್ ಮತ್ತು ವರ್ಜೀನಿಯಾ ಸಾನ್ ಫ್ರಾಟೆಲ್ಲೊ ಎಂಬ ವಾಸ್ತುಶಿಲ್ಪ ಮತ್ತು ವಿನ್ಯಾಸದ ಅಧ್ಯಾಪಕರು ಮೂರು ಗುಲಾಬಿ ಬಣ್ಣದ ಏತಪಾತಗಳನ್ನು ತೂರಿಸಿದಾಗ, ಎರಡೂ ದೇಶಗಳ ಮಕ್ಕಳು ಒಂದು ಗಂಟೆಯೂ ತುಂಬದಷ್ಟು ಹೊತ್ತು ಆಡಿದರು. ಬೇಲಿ ಹಾಗೆಯೇ ಉಳಿಯಿತು. ಆ ಆಟ ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಬರುವ ಆಟಿಯಲ್ಲಿ ಮಣೆಯನ್ನು ಮತ್ತೆ ಇಡುವ ಯೋಚನೆಯಿದೆ. ಈ ಸಲ ಕೂರುವ ಬೆಂಚನ್ನು ಬಿಟ್ಟು, ತಂಗುದಾಣದ ಮೂಲೆಯಲ್ಲಿ, ಮಳೆಯ ಎರಚಲು ಬೀಳದ ಕಡೆ, ನಡೆಯುವ ದಾರಿಗೆ ಅಡ್ಡವಾಗದಂತೆ ಬೇರೆಯೇ ಕಲ್ಲಿನ ಮೇಲೆ ಕೂರಿಸುತ್ತೇವೆ. ಕವಲುದಾರಿಯ ಕೆಂಪು ಗೊಂಬೆಯನ್ನು ಕೈಬಿಡುತ್ತೇವೆ. ಹಾಳೆಯನ್ನು ಹಾಗೆಯೇ ಬಿಡದೆ, ಇಳಿಜಾರಿನಲ್ಲಿ ನಮ್ಮ ವಿದ್ಯಾರ್ಥಿಗಳೇ ಮೊದಲು ಜಾರಬೇಕೆಂದು ತೀರ್ಮಾನಿಸಿದ್ದಾರೆ. ಅಂಗಡಿಯವರು ಒಪ್ಪುವುದಾದರೆ ಕಾಯಿಗಳನ್ನು ಅವರ ಬಳಿಯೇ ಇಡಬಹುದೇ?

ನಿವೃತ್ತ ಪೊಲೀಸ್ ಸಿಬ್ಬಂದಿ, ಕಾವೂರು

ಪಾಲಿಕೆಗೆ ಕೊಡುವ ಅರ್ಜಿಯ ಒಂದು ಪ್ರತಿಯನ್ನು ಠಾಣೆಗೂ ಮುಂಚಿತವಾಗಿ ಕೊಡಿ, ಮಣೆಯ ಚಿತ್ರವನ್ನೂ ಲಗತ್ತಿಸಿ. ರಾತ್ರಿಯ ಬೀಟಿಗೆ ಬರುವ ಹುಡುಗರಿಗೆ ಅದೇನೆಂದು ಗೊತ್ತಿರಬೇಕು. ಅವರಲ್ಲಿ ಹಲವರು ಘಟ್ಟದ ಮೇಲಿನವರು. ಅಳಗುಳಿಮಣೆ ಎಂದರೆ ಕೂಡಲೇ ತಿಳಿಯುತ್ತದೆ.

ಎದುರಿನ ಗೂಡಂಗಡಿಯವನು

ಕಾಯಿಗಳನ್ನು ಖಾಲಿ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ನಾನು ಇಟ್ಟುಕೊಳ್ಳುತ್ತೇನೆ, ಕೇಳಿದವರಿಗೆ ಎಣಿಸಿ ಕೊಟ್ಟು ಎಣಿಸಿ ಹಿಂದೆ ಪಡೆಯುತ್ತೇನೆ. ಐವತ್ತಾರು ಕಾಯಿಗಳ ಜೊತೆ ಇನ್ನೊಂದಿಷ್ಟು ಹೆಚ್ಚಿಗೆ ಕೊಟ್ಟಿರಿ, ಮಕ್ಕಳು ಕೆಂಪು ಬಣ್ಣಕ್ಕೆ ಆಸೆಪಟ್ಟು ಜೇಬಿಗೆ ಹಾಕಿಕೊಳ್ಳುತ್ತವೆ. ಕಂಕನಾಡಿಯ ಅಣ್ಣ ಬಂದಾಗ ಧ್ವನಿ ಕೊಡಲಿ, ಕರೆದುಕೊಂಡು ಹೋಗಿ ಕೂರಿಸುತ್ತೇನೆ. ಭಾನುವಾರ ಮಾತ್ರ ನನ್ನ ಅಂಗಡಿ ಇರುವುದಿಲ್ಲ. ಆ ದಿನಕ್ಕೆ ರಿಕ್ಷಾ ಪಾರ್ಕಿನವರ ಹತ್ತಿರ ನೀವೇ ಬಂದು ಮಾತನಾಡಬೇಕು ಮೇಡಂ, ನಾನು ಹೇಳಿದರೆ ಅವರು ಕೇಳುವುದಿಲ್ಲ.